ಹಡಗು ಬಿಟ್ಟಿ, ರಿಪೇರಿಗಷ್ಟೇ ದುಡ್ಡು

ನಮ್ಮ ತಲಕಾಡಿನ ಹೊಳೆದಡದಲ್ಲಿ ಮೀನು ಕರಿದು ಮಾರುವ ಹೆಂಗಸೊಬ್ಬಳಿದ್ದಾಳೆ. ಅವಳ ಮಗ ನನ್ನ ಶಿಷ್ಯ. ಹತ್ತನೆಯ ತರಗತಿಯವರೆಗೂ ಹಿಂದಿನ ಬೆಂಚು ಬಿಟ್ಟು ಮುಂದೆ ಬಾರದ ಹುಡುಗ. ರಜೆ ಬಂತೆಂದರೆ ತಾತನ ಹರಿಗೋಲಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಕಾವೇರಿಯಲ್ಲಿ ಗಿರಗಿರನೆ ತಿರುಗಿಸುತ್ತಿದ್ದ. ಪಿಯುಸಿ ಮುಗಿಸಿ ನೌಕಾಪಡೆಗೆ ಆಯ್ಕೆಯಾದಾಗ ಊರೆಲ್ಲ ಸಿಹಿ ಹಂಚಿದ. ತರಬೇತಿ ಮುಗಿದ ಮೇಲೆ ಅವನಿಗೆ ಕಾರವಾರಕ್ಕೆ ಹಾಕಿದರು.

2019ರ ಏಪ್ರಿಲ್ ಕೊನೆಯ ವಾರ. ಬೇಸಿಗೆ ರಜೆ. ಹಪ್ಪಳ ಒಣಹಾಕುತ್ತಾ ಕೂತಿದ್ದೆ. ಅವಳು ಏದುಸಿರು ಬಿಡುತ್ತಾ ನಮ್ಮ ಜಗಲಿಗೆ ಬಂದಳು. ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದ ಐ.ಎನ್.ಎಸ್. ವಿಕ್ರಮಾದಿತ್ಯ ಎಂಬ ದೊಡ್ಡ ಹಡಗಿನಲ್ಲಿ ಬೆಂಕಿ ಬಿದ್ದಿತ್ತು. ಬೆಂಕಿ ಆರಿಸಲು ಹೋದ ಯುವ ಅಧಿಕಾರಿಯೊಬ್ಬರು ತೀರಿಕೊಂಡಿದ್ದರು. ಅವರಿಗೆ ಮದುವೆಯಾಗಿ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಟೀವಿಯಲ್ಲಿ ಸುದ್ದಿ ಕೇಳಿದ ಈಕೆಗೆ ಮಗನ ಫೋನು ಸಿಕ್ಕಿರಲಿಲ್ಲ. ನಾನೂ ನಾಲ್ಕಾರು ಸಲ ಪ್ರಯತ್ನಿಸಿದೆ. ಕೊನೆಗೆ ಸಂಜೆ ಅವನೇ ಮಾಡಿದ. ಅವನು ಆ ಹಡಗಿನಲ್ಲಿರಲಿಲ್ಲ, ದಡದ ಮೇಲೆ ಕೆಲಸದಲ್ಲಿದ್ದ.

ಎದೆಯ ಭಾರ ಇಳಿದ ಮೇಲೆ ಅವಳು ಒಂದು ಲೋಟ ನೀರು ಕುಡಿದು ಕೇಳಿದಳು: "ಟೀಚರಮ್ಮ, ಅದು ಹಳೇ ಹಡಗಂತೆ. ಬೇರೆ ದೇಸದವ್ರು ಬ್ಯಾಡ ಅಂತ ಬುಟ್ಟಿದ್ದ ನಮ್ಮೋರು ಕೊಂಡ್ಕಂಡು ಬಂದವ್ರಂತೆ. ದಿಟವಾ? ಅಷ್ಟೊಂದು ದುಡ್ಡು ಕೊಟ್ಟು ಹಳೇದ್ಯಾಕವ್ವ ತಂದ್ರು?"

ಮೂವತ್ತು ವರ್ಷಗಳ ಹತ್ತಿರ ಸಮಾಜ ಪಾಠ ಮಾಡಿದವಳು ನಾನು. ಭಾರತದ ರಕ್ಷಣಾ ವ್ಯವಸ್ಥೆ ಎಂಬ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಭೂಸೇನೆ, ನೌಕಾಸೇನೆ, ವಾಯುಸೇನೆ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ. ಆದರೆ ಇವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಜೂನ್‌ನಲ್ಲಿ ಶಾಲೆಯ ಬಾಗಿಲು ತೆರೆದಾಗ ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದೆ. ನಮ್ಮ ಸಹೋದ್ಯೋಗಿ ಮೇಷ್ಟ್ರೊಬ್ಬರು ಚಹಾ ಲೋಟ ಕೆಳಗಿಟ್ಟು, "ಮೇಡಂ, ಇದೆಲ್ಲ ನಮ್ಮ ನಿಮ್ಮ ಲೆವೆಲ್ಲಿನ ವಿಷಯ ಅಲ್ಲ. ಅದರಲ್ಲೂ ಹೆಂಗಸರಿಗೆ ಯಾಕೆ ಹಡಗಿನ ಉಸಾಬರಿ? ದೇಶದ ರಕ್ಷಣೆ ಅಂದಮೇಲೆ ದುಡ್ಡಿನ ಲೆಕ್ಕ ಕೇಳಬಾರದು" ಅಂದರು. ಉಳಿದವರು ತಲೆಯಾಡಿಸಿದರು. ಗಂಟೆ ಹೊಡೆಯಿತು, ನಾನು ತರಗತಿಗೆ ಹೋದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಲೆಕ್ಕ ಕೇಳಬಾರದೇ? ಏಕೆ ಕೇಳಬಾರದು? ಈ ಲೇಖನ ಆ ಮೇಷ್ಟ್ರಿಗೆ ನಾನು ಅಂದು ಕೊಡದೆ ಉಳಿಸಿಕೊಂಡ ಉತ್ತರ.

ಮೊದಲು ನಮ್ಮ ಮನೆಯ ಒಂದು ಕತೆ ಹೇಳಿಬಿಡುತ್ತೇನೆ. ನನಗಾಗ ಹತ್ತು ವರ್ಷ. ಮಾಧವಮಂತ್ರಿ ನಾಲೆಯ ನೀರು ಹತ್ತದ ಒಂದು ತುಂಡು ಜಮೀನು ನಮಗಿತ್ತು. ಅದಕ್ಕೊಂದು ಪಂಪು ಬೇಕೆಂದು ಅಪ್ಪನಿಗೆ ಆಸೆ. ಹೊರಗಿನವನೊಬ್ಬ ಬಂದು, "ಸ್ವಾಮಿ, ನಮ್ಮದೊಂದು ಡೀಸೆಲ್ ಪಂಪು ಸುಮ್ಮನೆ ಬಿದ್ದಿದೆ. ಪಂಪಿಗೆ ಕಾಸು ಬೇಡ, ರಿಪೇರಿಗೆ ಆಗುವಷ್ಟು ಕೊಟ್ಟು ಎತ್ತಿಕೊಂಡು ಹೋಗಿ" ಅಂದ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವುದು ಲೋಕರೂಢಿಯ ಮಾತಲ್ಲವೇ? ಅಪ್ಪ ಒಪ್ಪಿದರು. ಅವ್ವನ ಎರಡು ಬಳೆ ಗಿರವಿ ಅಂಗಡಿಗೆ ಹೋದವು. ಬಿಚ್ಚಿ ನೋಡಿದರೆ ಒಳಗೆ ಇನ್ನೊಂದು ಕೆಟ್ಟಿದೆ, ಅದಕ್ಕಿಷ್ಟು. ಆಮೇಲೆ ಮತ್ತೊಂದು ಕೆಟ್ಟಿದೆ, ಅದಕ್ಕಿಷ್ಟು. ಅರ್ಧ ದುಡ್ಡು ಕೊಟ್ಟಾಗಿದೆ, ಈಗ ಬೇಡ ಅನ್ನುವ ಹಾಗಿಲ್ಲ. ಬಿಡಿಭಾಗ ಬೇಕೆಂದರೆ ಕೊಯಮತ್ತೂರಿಗೆ ಬರೆಯಬೇಕು. ಎರಡು ಬೆಳೆ ಒಣಗಿದ ಮೇಲೆ ಪಂಪು ಬಂತು. ಹೊಸದಕ್ಕಿಂತ ಹೆಚ್ಚು ಖರ್ಚಾಗಿತ್ತು. ಅವ್ವ ಆವತ್ತು ಅಪ್ಪನಿಗೆ ಏನೂ ಅನ್ನಲಿಲ್ಲ. ರಾಗಿ ಬೀಸುತ್ತಾ ನನಗೆ ಹೇಳಿದಳು: "ಹಳೇದ ತಕ್ಕೊಳೋರು ಮೊದ್ಲು ರಿಪೇರಿ ಮಾಡೋನ ಮನೆ ಎಲ್ಲದೆ ಅಂತ ಕೇಳ್ಬೇಕು ಕಣವ್ವ."

ಓದುಗ ಗೆಳತಿಯರೇ, ಈಗ ವಿಕ್ರಮಾದಿತ್ಯನ ಕತೆ ಕೇಳಿ. ನಮ್ಮ ಪಂಪಿನ ಕತೆಗೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ನೀವೇ ಹೇಳಿ.

ಸೋವಿಯತ್ ಒಕ್ಕೂಟದ ನೌಕಾಪಡೆಗೆ 1987ರಲ್ಲಿ ಸೇರಿದ ಹಡಗದು. ಆಗ ಅದರ ಹೆಸರು ಬಾಕು. ಆಮೇಲೆ ಅಡ್ಮಿರಲ್ ಗೋರ್ಷ್ಕೋವ್ ಎಂದಾಯಿತು. 1994ರಲ್ಲಿ ಅದರ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಯಿತು. 1996ರಲ್ಲಿ ರಷ್ಯಾದವರು ಇದನ್ನು ನಡೆಸುವುದು ನಮ್ಮಿಂದಾಗದು ಎಂದು ಮೂಲೆಗೆ ನಿಲ್ಲಿಸಿದರು. ಆ ಹಡಗನ್ನು 2004ರ ಜನವರಿಯಲ್ಲಿ ನಾವು ಒಪ್ಪಿಕೊಂಡೆವು. ಹಡಗಿನ ಒಡಲಿಗೆ ದುಡ್ಡಿಲ್ಲ, ಅದನ್ನು ರಿಪೇರಿ ಮಾಡಿ ವಿಮಾನ ಹಾರಿಸುವಂತೆ ಬದಲಾಯಿಸಲು ಮಾತ್ರ 97 ಕೋಟಿ 40 ಲಕ್ಷ ಡಾಲರ್ ಎಂದು ಕರಾರು. 2008ಕ್ಕೆ ಕೊಡುತ್ತೇವೆ ಎಂದರು.

ಬಿಚ್ಚಿ ನೋಡಿದರೆ ಒಳಗೆ ಇನ್ನೊಂದು ಕೆಟ್ಟಿತ್ತು. ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಉದ್ದದ ವಿದ್ಯುತ್ ತಂತಿ ಬದಲಿಸಬೇಕಾಯಿತು. ಅದಕ್ಕಿಷ್ಟು, ಇದಕ್ಕಿಷ್ಟು ಎಂದು ಮಾತು ಬೆಳೆಯಿತು. 2010ರಲ್ಲಿ ಬೆಲೆ 235 ಕೋಟಿ ಡಾಲರಿಗೆ ನಿಂತಿತು. ಅಂದರೆ ನೂರು ರೂಪಾಯಿಗೆ ಮಾತಾಡಿಕೊಂಡು ಇನ್ನೂರ ನಲವತ್ತು ಕೊಟ್ಟ ಹಾಗೆ. ಸಂತೆಯಲ್ಲಿ ಬದನೆಕಾಯಿ ವ್ಯಾಪಾರದಲ್ಲಿ ಹೀಗಾಗಿದ್ದರೆ ನಾವು ಚೀಲ ಅಲ್ಲೇ ಸುರಿದು ಎದ್ದು ಬರುತ್ತಿದ್ದೆವು. ಆದರೆ ಕೊಟ್ಟ ದುಡ್ಡು ಅವರ ಕೈಲಿದೆ, ಹಡಗು ಅವರ ಅಂಗಳದಲ್ಲಿದೆ, ಬೇರೆ ಯಾವ ದೇಶವೂ ಅಂಥ ಹಡಗನ್ನು ನಮಗೆ ಮಾರಲು ಸಿದ್ಧವಿಲ್ಲ. ಮಾರುವವನಿಗೆ ಇದು ಚೆನ್ನಾಗಿ ಗೊತ್ತಿತ್ತು.

2012ರ ಸೆಪ್ಟೆಂಬರಿನಲ್ಲಿ ಸಮುದ್ರದಲ್ಲಿ ಪರೀಕ್ಷೆ ಮಾಡಿದಾಗ ಎಂಟು ಬಾಯ್ಲರುಗಳಲ್ಲಿ ಏಳು ಕೆಟ್ಟವು. ಒಳಗೆ ಹೊದಿಸಿದ್ದ ಬೆಂಕಿ ಇಟ್ಟಿಗೆ ಆ ಕಾವನ್ನು ತಡೆಯಲಿಲ್ಲ. ಒಲೆ ಹೂಡಿದವರಿಗೆ ಯಾವ ಮಣ್ಣು ಕಾವಿಗೆ ಬಿರುಕು ಬಿಡುತ್ತದೆ, ಯಾವುದು ನಿಲ್ಲುತ್ತದೆ ಎಂಬುದು ಗೊತ್ತು. ಅಷ್ಟು ದೊಡ್ಡ ಕಾರ್ಖಾನೆಯವರು ನಮ್ಮ ದುಡ್ಡಿನಲ್ಲಿ ಅದನ್ನು ಕಲಿತರು. ಅಂತೂ 2013ರ ನವೆಂಬರ್ 16ರಂದು ಹಡಗು ನಮ್ಮ ಕೈಸೇರಿತು. 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು. ಹೇಳಿದ ದಿನಕ್ಕಿಂತ ಐದು ವರ್ಷ ತಡ!

ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ. ದೇಶದ ಖರ್ಚನ್ನು ತಪಾಸಣೆ ಮಾಡುವ ಮಹಾಲೇಖಪಾಲರು 2009ರಲ್ಲಿ ಸಂಸತ್ತಿನ ಮುಂದೆ ಬಂದ ತಮ್ಮ ವರದಿಯಲ್ಲಿ ಇದನ್ನೇ ಹೇಳಿದ್ದಾರೆ. ಆಯಸ್ಸು ಕಡಿಮೆಯಿರುವ ಹಳೆಯ ಹಡಗೊಂದನ್ನು, ಅದೂ ತಡವಾಗಿ, ಹೊಸದಕ್ಕಿಂತ ಹೆಚ್ಚು ಬೆಲೆ ಕೊಟ್ಟು ತರುತ್ತಿದ್ದೇವೆ ಎಂಬುದು ಅದರ ಸಾರಾಂಶ. ಲೆಕ್ಕ ಕೇಳುವುದು ದೇಶದ್ರೋಹವಾಗಿದ್ದರೆ ಸಂವಿಧಾನವೇ ಏಕೆ ಒಬ್ಬ ಲೆಕ್ಕಿಗನನ್ನು ನೇಮಿಸಿ ಕೂರಿಸಿದೆ? ನಮ್ಮ ಮೇಷ್ಟ್ರು ಈ ಪ್ರಶ್ನೆಗೆ ಉತ್ತರ ಹೇಳಬೇಕು.

ನಾನು ನೌಕಾಪಡೆ ಬೇಡ ಎನ್ನುವವಳಲ್ಲ. ಹಾಗೆಂದು ಯಾರೂ ತಪ್ಪು ತಿಳಿಯಬಾರದು. ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ಕರಾವಳಿಯಿರುವ ದೇಶಕ್ಕೆ ಕಾವಲು ಬೇಡವೇ? ಬಾಗಿಲಿಲ್ಲದ ಮನೆಯಲ್ಲಿ ನಾನೂ ಮಲಗಲಾರೆ. ಹೊರಗಿನಿಂದ ತಂದ ಹಡಗುಗಳು ಕೆಲಸಕ್ಕೆ ಬರಲಿಲ್ಲ ಎಂದೂ ನಾನು ಹೇಳುವುದಿಲ್ಲ. ಮೊದಲ ವಿಕ್ರಾಂತ ಬ್ರಿಟಿಷರು ಅರ್ಧಕ್ಕೆ ಕಟ್ಟಿ ಬಿಟ್ಟಿದ್ದ ಹಡಗು. 1957ರಲ್ಲಿ ಕೊಂಡೆವು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್ ಬಂದರಿನಲ್ಲಿ ಅದನ್ನು ನಮ್ಮ ನೌಕಾಪಡೆಗೆ ಸೇರಿಸಿದವರು ಆಗ ಬ್ರಿಟನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ಶ್ರೀಮತಿ ವಿಜಯಲಕ್ಷ್ಮಿ ಪಂಡಿತ್. ಹೆಂಗಸರಿಗೆ ಹಡಗಿನ ಉಸಾಬರಿ ಏಕೆ ಎನ್ನುವವರು ಇದನ್ನೂ ಗಮನಿಸಬೇಕು. 1971ರ ಯುದ್ಧದಲ್ಲಿ ಅದೇ ವಿಕ್ರಾಂತದ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಸೋವಿಯತ್ ದೇಶದಿಂದ ತಂದ ಸಣ್ಣ ಕ್ಷಿಪಣಿ ದೋಣಿಗಳು ಡಿಸೆಂಬರ್ 4ರ ರಾತ್ರಿ ಕರಾಚಿಯ ಬಳಿ ಹೋಗಿ ಹೊಡೆದು ಬಂದವು. ಅದಕ್ಕೇ ಆ ದಿನ ನೌಕಾದಿನ.

ಆದರೆ ಅದೇ ಯುದ್ಧದಲ್ಲಿ, ಡಿಸೆಂಬರ್ 9ರಂದು, ಐ.ಎನ್.ಎಸ್. ಖುಕ್ರಿ ಮುಳುಗಿತು. ಅದೂ ಬ್ರಿಟನ್ನಿನಲ್ಲಿ ಕಟ್ಟಿದ ಹಡಗೇ. ನೀರೊಳಗಿದ್ದ ಶತ್ರುವಿನ ಹೊಸ ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ಶಕ್ತಿ ಅದರ ಹಳೆಯ ಉಪಕರಣಕ್ಕೆ ಸಾಲದಾಗಿತ್ತು. 18 ಅಧಿಕಾರಿಗಳು, 176 ನಾವಿಕರು ಹೋದರು. ಗೆದ್ದ ಹಡಗಿನ ಹೆಸರಿನಲ್ಲಿ ದಿನಾಚರಣೆ ಮಾಡುತ್ತೇವೆ. ಮುಳುಗಿದ ಹಡಗಿನವರ ತಾಯಂದಿರ, ಹೆಂಡಂದಿರ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆದಿದ್ದೇವೆ? 2019ರ ಬೆಂಕಿಗೆ ಹಡಗು ಹಳೆಯದಾದದ್ದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹೊಸ ಹಡಗಿಗೂ ಬೆಂಕಿ ಬೀಳಬಹುದು. ಆದರೆ ಮಕ್ಕಳನ್ನು ಕೂರಿಸಿ ಕಳಿಸುವ ಗಾಡಿ ಎಂಥದು ಎಂದು ಕೇಳುವ ಹಕ್ಕು ತಾಯಿಗೆ ಇದ್ದೇ ಇದೆ.

ಪರರ ಕೈಯನ್ನು ನಂಬಿ ಕಡಲಿಗಿಳಿದರೆ ಏನಾಗುತ್ತದೆ ಎಂಬುದು ನಮ್ಮ ಮೈಸೂರು ಸೀಮೆಗೆ ಇನ್ನೂರೈವತ್ತು ವರ್ಷಗಳ ಹಿಂದೆಯೇ ಗೊತ್ತಾಗಿತ್ತು. ಹೈದರಾಲಿ ಮಂಗಳೂರನ್ನು ಹಿಡಿದು ನೌಕಾಪಡೆ ಕಟ್ಟಿದ. ಹಡಗುಗಳ ಮೇಲೆ ಐರೋಪ್ಯ ಕಪ್ತಾನರನ್ನು ಇಟ್ಟಿದ್ದ. 1768ರಲ್ಲಿ ಇಂಗ್ಲಿಷರ ಹಡಗುಗಳು ಎದುರು ಬಂದಾಗ ಆ ಕಪ್ತಾನರು ಹಡಗುಗಳ ಸಮೇತ ಅವರ ಕಡೆ ಸೇರಿಕೊಂಡರು. ಮಗ ಟಿಪ್ಪು ಈ ಪಾಠ ಕಲಿತಿದ್ದ. 1796ರಲ್ಲಿ ಹಡಗು ಕಟ್ಟುವುದಕ್ಕೇ ಒಂದು ಇಲಾಖೆ ಮಾಡಿ, ನಮ್ಮ ಕರಾವಳಿಯಲ್ಲೇ, ನಮ್ಮ ಕಾಡಿನ ಸಾಗುವಾನಿಯಲ್ಲೇ ಯುದ್ಧನೌಕೆ ಕಟ್ಟಿಸಲು ಹೊರಟ. ಆದರೆ ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ವಿಷಯದಲ್ಲಿ ಜನರಿಗೆ ಏನೇನೋ ಅಭಿಪ್ರಾಯಗಳಿವೆ, ಅದು ಇಲ್ಲಿ ಬೇಡ. ಕಟ್ಟುವ ಕೈ ನಮ್ಮದಾಗಿರಬೇಕು ಎಂಬ ಬುದ್ಧಿ ಅವನಿಗಿತ್ತು ಎಂಬುದಷ್ಟೇ ನನ್ನ ಮಾತು.

ಇದುವರೆಗೆ ನಾನು ಹೇಳಿದ್ದು ಡಾಲರಿನ ಬೆಲೆ. ಯಾವ ಕರಾರುಪತ್ರದಲ್ಲೂ ಬರೆಯದ ಇನ್ನೊಂದು ಬೆಲೆ ಇದೆ. ಕೊಂಡ ಹಡಗನ್ನು ಎಲ್ಲಿ ಕಟ್ಟಿಹಾಕುವುದು? ಆನೆ ತಂದವರು ಆನೆಲಾಯವನ್ನೂ ಕಟ್ಟಬೇಕಲ್ಲ.

ನಾನು ಮೈಸೂರಿನಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ನನ್ನ ಜೊತೆ ಕಾರವಾರದ ಕಡೆಯ ಹುಡುಗಿಯೊಬ್ಬಳಿದ್ದಳು. ಅವಳು ಊರಿಂದ ತರುತ್ತಿದ್ದ ಸಿಗಡಿ ಚಟ್ನಿಯ ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ ಅವಳು ನಗುತ್ತಿದ್ದಳು. ಮನೆಯ ಹಿತ್ತಿಲ ಬೇಲಿ ದಾಟಿದರೆ ಕಡಲು ಎನ್ನುತ್ತಿದ್ದಳು. ಹೊಳೆ ಮಾತ್ರ ಕಂಡಿದ್ದ ನನಗೆ ಅದೊಂದು ಕನಸಿನಂತೆ ಕೇಳುತ್ತಿತ್ತು. ಪರೀಕ್ಷೆ ಮುಗಿಯಲಿ, ನಿನ್ನ ಮನೆಗೆ ಬರುತ್ತೇನೆ ಎಂದಿದ್ದೆ. ಮದುವೆ, ಮಕ್ಕಳು, ವರ್ಗಾವಣೆ ಎಂದು ಅದು ಆಗಲೇ ಇಲ್ಲ.

2018ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ ಗೋಕರ್ಣ, ಕಾರವಾರದ ಕಡೆಗೆ ಹೊರಟಾಗ ಅವಳಿಗೆ ಫೋನ್ ಮಾಡಿದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐ.ಎನ್.ಎಸ್. ಚಪಲ್ ಎಂಬ ಹಡಗನ್ನು ಮರಳಿನ ಮೇಲೆ ಎಳೆದು ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದೂ ಸೋವಿಯತ್ ದೇಶದಿಂದ ತಂದದ್ದೇ, 1976ರಿಂದ 2005ರವರೆಗೆ ಸೇವೆಯಲ್ಲಿದ್ದದ್ದು. ಮಕ್ಕಳು ಅದರೊಳಗೆ ಹತ್ತಿ ಇಳಿದು ಗಲಾಟೆ ಮಾಡುತ್ತಿದ್ದಾಗ ಗೆಳತಿ ಬಂದಳು. ಇಬ್ಬರ ತಲೆಯೂ ನರೆತಿತ್ತು. ತಬ್ಬಿಕೊಂಡೆವು. "ನಡೆಯೇ, ಈಗಲಾದರೂ ನಿನ್ನ ಮನೆ ತೋರಿಸು" ಅಂದೆ. ಅವಳು ನಕ್ಕು, "ಮನೆ ಎಲ್ಲಿದೆ ಮಾರಾಯ್ತಿ? ಅದು ಒಳಗೆ ಹೋಯಿತು" ಅಂದಳು.

ಒಳಗೆ ಎಂದರೆ ನೌಕಾನೆಲೆಯ ಗೋಡೆಯ ಒಳಗೆ. ಸೀಬರ್ಡ್ ಯೋಜನೆಗೆ ಆಗಿನ ಪ್ರಧಾನಿ ರಾಜೀವ್ ಗಾಂಧಿ 1986ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆ ಮಾಡಿದರು. ಕಾರವಾರ, ಅಂಕೋಲಾ ನಡುವಿನ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. 2005ರ ಮೇ 31ರಂದು ನೆಲೆ ಕೆಲಸ ಆರಂಭಿಸಿತು. ಅದಕ್ಕೆ ಐ.ಎನ್.ಎಸ್. ಕದಂಬ ಎಂದು ಹೆಸರಿಟ್ಟರು. ಬನವಾಸಿಯ ಕದಂಬರ ಹೆಸರು. ಕನ್ನಡದ ಮೊದಲ ರಾಜವಂಶದ ಹೆಸರನ್ನು ಫಲಕದ ಮೇಲೆ ಬರೆದು, ಅಲ್ಲಿನ ಜನರನ್ನು ಗೋಡೆಯ ಆಚೆಗೆ ಕಳಿಸಿದರು.

ಆವತ್ತು ಮಧ್ಯಾಹ್ನ ನಮ್ಮ ಬಸ್ಸು ಅರ್ಗಾ ದಾಟುವಾಗ ಗೆಳತಿಯೂ ಜೊತೆಗಿದ್ದಳು. ಹೆದ್ದಾರಿಯ ಪಕ್ಕದಲ್ಲೇ ಗೋಡೆ ಹೋಗುತ್ತದೆ. ಒಂದು ಕಡೆ ಕೈ ತೋರಿಸಿ, "ಅಲ್ಲೇ ನಮ್ಮ ತೋಟ, ಅದರಾಚೆ ಕಡಲು. ನಮ್ಮ ಕಡಲನ್ನ ನೋಡಬೇಕು ಅಂದರೆ ಈಗ ಪಾಸ್ ಬೇಕು ಮಾರಾಯ್ತಿ" ಅಂದಳು. ನನ್ನ ಹುಡುಗರು ಕಿಟಕಿಗೆ ಮುಖವಿಟ್ಟು, ವಿಕ್ರಮಾದಿತ್ಯ ಕಾಣುತ್ತಾ ಎಂದು ಹುಡುಕುತ್ತಿದ್ದರು.

ಅವಳು ಹೇಳಿದ ಒಂದು ಸಂಗತಿಯನ್ನು ನಾನು ಮರೆಯಲಾರೆ. ಪರಿಹಾರದ ದುಡ್ಡು ಪಹಣಿಯಲ್ಲಿ ಹೆಸರಿದ್ದವರಿಗೆ ಬಂತು. ಅವಳ ಮನೆಯಲ್ಲಿ ಅಪ್ಪನ ಹೆಸರಿತ್ತು, ಅಪ್ಪನ ನಂತರ ಅಣ್ಣಂದಿರ ಹೆಸರು. ಬೆಳಗಿನ ಜಾವಕ್ಕೆ ಎದ್ದು ದಡಕ್ಕೆ ಹೋಗಿ ಮೀನು ಕೊಂಡು, ಬುಟ್ಟಿ ತಲೆಯ ಮೇಲಿಟ್ಟು ಊರೂರು ಅಲೆದು ಮಾರಿ ನಾಲ್ಕು ಮಕ್ಕಳನ್ನು ಓದಿಸಿದ್ದು ಅವಳ ತಾಯಿ. ಆ ತಾಯಿಯ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ತೆಂಗಿನ ಮರ ಎಣಿಸಿದರು, ಮಾವಿನ ಮರ ಎಣಿಸಿದರು, ಗೋಡೆ ಅಳೆದರು. ಆಯಿಯ ಬುಟ್ಟಿಯನ್ನು ಎಣಿಸಲಿಲ್ಲ. ಹೊಸ ಜಾಗದಿಂದ ದಡ ದೂರವಾಯಿತು, ವ್ಯಾಪಾರ ನಿಂತಿತು. ಕೈಯಲ್ಲಿ ಸದಾ ನಾಲ್ಕು ಕಾಸು ಆಡುತ್ತಿದ್ದ ಹೆಂಗಸು ಎಲೆ ಅಡಿಕೆಗೂ ಗಂಡುಮಕ್ಕಳ ಮುಖ ನೋಡುವಂತಾಯಿತು. ಮೊದಲು ಕೊಟ್ಟ ಪರಿಹಾರ ಸಾಲದೆಂದು ಜನ ನ್ಯಾಯಾಲಯಕ್ಕೆ ಹೋದರು, ನ್ಯಾಯಾಲಯಗಳು ಹೆಚ್ಚಿಸಿದವು. ಹೆಚ್ಚಿಸಿದ್ದು ಕೈಗೆ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹಿರಿಯರ ಫೋಟೋಗಳಿಗೆ ಹಾರ ಬಿದ್ದಿತ್ತು.

ಹಡಗು ಮಾರುವ ಪರದೇಶದವನು 97 ಕೋಟಿ ಸಾಲದು, 235 ಕೋಟಿ ಕೊಡಿ ಎಂದರೆ ಕೊಟ್ಟೆವು. ನೆಲ ಬಿಟ್ಟುಕೊಟ್ಟ ನಮ್ಮವರೇ, ಇದು ಸಾಲದು ಸ್ವಾಮಿ ಎಂದರೆ ಕೋರ್ಟಿಗೆ ಹೋಗಿ ಎಂದೆವು. ನನ್ನ ಸಿಟ್ಟು ಇರುವುದು ಇಲ್ಲಿ.

ನಾವು ತಲಕಾಡಿನವರು. ಕಸಿದುಕೊಂಡವರ ಕತೆಯನ್ನು ತೊಟ್ಟಿಲಲ್ಲೇ ಕೇಳಿ ಬೆಳೆದವರು. ಮಾಲಂಗಿಯ ಮಡುವಿಗೆ ಹಾರಿದ ಅಲಮೇಲಮ್ಮನ ಕತೆ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ದೊರೆಯ ಕಡೆಯವರು ಅವಳನ್ನು ಕೇಳಿದ್ದು ಏನು? ದೇವರಿಗೆ ತೊಡಿಸುವ ಒಡವೆ. ದೇವರ ಹೆಸರು ಹೇಳಿದ ಮೇಲೆ ಇಲ್ಲ ಎನ್ನುವವರುಂಟೇ? ಆದರೂ ಅವಳಿಗೆ ಅದು ತನ್ನಿಂದ ಕಿತ್ತುಕೊಂಡದ್ದಾಗಿಯೇ ಕಂಡಿತು. ಅವಳ ಶಾಪದಿಂದಲೇ ಊರು ಮರಳಾಯಿತೋ, ಹೊಳೆಯ ಮರಳನ್ನು ಗಾಳಿ ತಂದು ತುಂಬಿತೋ, ವಿಜ್ಞಾನದ ಮೇಷ್ಟ್ರುಗಳು ಹೇಳಲಿ. ಆದರೆ ನಾನೂರು ವರ್ಷವಾದರೂ ಜನ ಆ ಕತೆಯನ್ನು ಬಿಟ್ಟಿಲ್ಲ. ಏಕೆಂದರೆ ದೊಡ್ಡವರು ಸಣ್ಣವರ ವಸ್ತುವನ್ನು ಕೇಳುವಾಗ ಯಾವಾಗಲೂ ಒಂದು ದೊಡ್ಡ ಹೆಸರನ್ನೇ ಹೇಳಿ ಕೇಳುತ್ತಾರೆ. ಆಗ ದೇವರು, ಈಗ ದೇಶ. ದೇವರೂ ದೊಡ್ಡವನೇ, ದೇಶವೂ ದೊಡ್ಡದೇ. ಅದಕ್ಕೇ ಅವರ ಹೆಸರಿನಲ್ಲಿ ತೆಗೆದುಕೊಂಡದ್ದಕ್ಕೆ ಲೆಕ್ಕ ಇನ್ನೂ ಚೊಕ್ಕವಾಗಿರಬೇಕು.

ಈಗ ಕಾಲ ಬದಲಾಗಿದೆ, ಇನ್ನು ಹೊರಗಿನಿಂದ ಹಡಗು ತರುವುದಿಲ್ಲ ಎನ್ನುತ್ತಾರೆ. ಒಳ್ಳೆಯದು, ನಾನೂ ಸಂತೋಷಪಡುತ್ತೇನೆ. ಕೊಚ್ಚಿಯಲ್ಲಿ ನಾವೇ ಕಟ್ಟಿದ ಹೊಸ ವಿಕ್ರಾಂತ 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿತು. ಮೊದಲು ಅದರ ಉಕ್ಕನ್ನೂ ರಷ್ಯಾದಿಂದಲೇ ತರಬೇಕೆಂದಿದ್ದರು. ಅದು ಸಮಯಕ್ಕೆ ಬರಲಿಲ್ಲ. ಆಗ ನಮ್ಮ ವಿಜ್ಞಾನಿಗಳು, ನಮ್ಮ ಉಕ್ಕಿನ ಕಾರ್ಖಾನೆಯವರು ಸೇರಿ ಅಂಥ ಉಕ್ಕನ್ನು ಇಲ್ಲೇ ತಯಾರಿಸಿದರು. ನೋಡಿ, ಮಾರುವವನು ಕೊಡದಿದ್ದಾಗ ನಮಗೆ ಮಾಡಲು ಬಂತು! ಸುಮಾರು 20,000 ಕೋಟಿ ರೂಪಾಯಿ ಖರ್ಚಾಯಿತು. ಆದರೆ ಅದರಲ್ಲಿ ದೊಡ್ಡ ಪಾಲು ಇಲ್ಲಿನ ಕೆಲಸಗಾರರ ಮನೆಗೇ ಹೋಯಿತು, ಕಲಿತ ವಿದ್ಯೆ ಇಲ್ಲೇ ಉಳಿಯಿತು.

ಹಾಗೆಂದು ಎಲ್ಲ ಸರಿಹೋಯಿತು ಎಂದು ಕೈ ಕಟ್ಟಿ ಕೂರುವ ಹಾಗಿಲ್ಲ. ಹಡಗು ನಮ್ಮದಾದರೂ ಅದರ ಎಂಜಿನ್ನು ಅಮೆರಿಕದ ವಿನ್ಯಾಸದ್ದು, ಅದರ ಮೇಲಿಂದ ಹಾರುವ ವಿಮಾನ ರಷ್ಯಾದ್ದು. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನಿಂದ ಇನ್ನೂ 26 ವಿಮಾನ ಕೊಳ್ಳಲು ಕರಾರಾಯಿತು. 2016ರಲ್ಲಿ ರಷ್ಯಾದ ಜೊತೆ ಮಾಡಿಕೊಂಡ ಮಾತಿನಂತೆ ಅಲ್ಲಿ ಕಟ್ಟಿದ ತುಶಿಲ್ ಎಂಬ ಯುದ್ಧನೌಕೆ 2024ರ ಡಿಸೆಂಬರಿನಲ್ಲಿ, ತಮಾಲ್ ಎಂಬುದು 2025ರ ಜುಲೈ 1ರಂದು ನಮ್ಮದಾದವು. ತಮಾಲ್ ಬಂದಾಗ, ಹೊರದೇಶದಲ್ಲಿ ಕಟ್ಟಿಸಿ ತರುವ ಯುದ್ಧನೌಕೆಗಳಲ್ಲಿ ಇದೇ ಕೊನೆಯದು ಎಂದು ಸಾರಿದರು.

ಈ ಎರಡು ಹಡಗುಗಳಲ್ಲಿ ಒಂದು ಪಾಠವಿದೆ. ಅವುಗಳ ಒಡಲು ರಷ್ಯಾದ್ದು, ಎಂಜಿನ್ನು ಉಕ್ರೇನಿನದು. 2014ರಿಂದ ಆ ಎರಡು ದೇಶಗಳ ನಡುವೆ ಯುದ್ಧಸಾಮಗ್ರಿಯ ಕೊಡುಕೊಳ್ಳುವಿಕೆ ಇಲ್ಲ. ಆದ್ದರಿಂದ ನಾವೇ ಉಕ್ರೇನಿನಿಂದ ಎಂಜಿನ್ನು ಕೊಂಡು ರಷ್ಯಾದ ಕಾರ್ಖಾನೆಗೆ ಮುಟ್ಟಿಸಿದೆವು. 2022ರಲ್ಲಿ ಇಬ್ಬರ ನಡುವೆ ದೊಡ್ಡ ಯುದ್ಧವೇ ಆರಂಭವಾಯಿತು. ನಾಳೆ ಎಂಜಿನ್ನು ಕೆಟ್ಟರೆ ಯಾರ ಬಾಗಿಲು ತಟ್ಟಬೇಕು? ಇವನ ಸ್ನೇಹಕ್ಕೆ ಅವನು ಮುನಿದರೆ? ರಾಗಿ ಕಲ್ಲಿನ ಮುಂದೆ ಕೂತು ನಮ್ಮವ್ವ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ಇನ್ನು, ಇವೆಲ್ಲ ರಹಸ್ಯದ ವಿಷಯ, ಕೇಳಬಾರದು ಎನ್ನುವ ಮಾತು. ಯಾವ ಹಡಗು ಯಾವ ದಿನ ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳುವುದಿಲ್ಲ. ಅದರ ಕ್ಷಿಪಣಿ ಎಷ್ಟು ದೂರ ಹಾರುತ್ತದೆ ಎಂದೂ ನಮಗೆ ಬೇಡ. ನಾವು ಕೇಳುವುದು ಮೂರೇ ಮೂರು. ಮಾರುವವನು ಹೇಳಿದ ಬೆಲೆ ಇರಲಿ, ಕೊನೆಗೆ ಎಷ್ಟಾಗುತ್ತದೆ? ಕೆಟ್ಟರೆ ರಿಪೇರಿ ಮಾಡುವವನು ಎಲ್ಲಿದ್ದಾನೆ? ಅದನ್ನು ಯಾರ ಅಂಗಳದಲ್ಲಿ ನಿಲ್ಲಿಸುತ್ತೀರಿ, ಆ ಮನೆಯ ಹೆಂಗಸಿಗೂ ಸೇರಿಸಿ ಲೆಕ್ಕ ತೀರಿಸಿದ್ದೀರಾ? ಈ ಮೂರರಲ್ಲಿ ಶತ್ರುವಿಗೆ ಉಪಯೋಗವಾಗುವ ರಹಸ್ಯ ಯಾವುದಿದೆ?

ಗಂಡ ಸಂಬಳದ ಕವರು ತಂದುಕೊಟ್ಟಾಗ ಎಣಿಸಿ ನೋಡುವ ಹೆಂಡತಿಗೆ ಗಂಡನ ಮೇಲೆ ಪ್ರೀತಿಯಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ಮನೆ ನಿಲ್ಲಬೇಕೆಂದೇ ಅವಳು ಎಣಿಸುವುದು. ನಾವು ಕೊಳ್ಳುವ ಸೋಪಿಗೆ, ಬೆಂಕಿಪೊಟ್ಟಣಕ್ಕೆ, ಮಕ್ಕಳ ಚಪ್ಪಲಿಗೆ ತೆರಿಗೆ ಕಟ್ಟುತ್ತೇವೆ. ಹಡಗಿಗೆ ಹೋಗುವ ದುಡ್ಡು ಅದೇ. ಹಡಗಿನ ಮೇಲೆ ನಿಲ್ಲುವವರು ನಾವು ಹೆತ್ತ ಮಕ್ಕಳೇ. ದುಡ್ಡೂ ನಮ್ಮದು, ಮಕ್ಕಳೂ ನಮ್ಮವರು, ಪ್ರಶ್ನೆ ಮಾತ್ರ ನಮ್ಮದಲ್ಲವೇ?

2025ರ ಫೆಬ್ರವರಿಯಲ್ಲಿ ತುಶಿಲ್ ಕಾರವಾರಕ್ಕೆ ಬಂತು. ಆ ಬೇಸಿಗೆಯಲ್ಲಿ ನನ್ನ ಶಿಷ್ಯ ರಜೆಯ ಮೇಲೆ ಊರಿಗೆ ಬಂದಿದ್ದ. ತಾಯಿಯ ಜೊತೆ ನಮ್ಮ ಮನೆಗೂ ಬಂದು ಕಾಲಿಗೆ ನಮಸ್ಕಾರ ಮಾಡಿದ. ಈಗ ಅವನ ಮಾತಿನಲ್ಲಿ ಹಿಂದಿ, ಇಂಗ್ಲಿಷು ಬೆರೆತಿವೆ, ಭುಜ ಅಗಲವಾಗಿದೆ. ಹೊಸ ಹಡಗಿನ ಚಂದವನ್ನು ಕಣ್ಣರಳಿಸಿ ಹೇಳಿದ. ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಅವನನ್ನಲ್ಲ, ನನ್ನನ್ನು ನೋಡಿ, "ಇದು ಹೊಸದಾ ಟೀಚರಮ್ಮ?" ಅಂದಳು.

"ಹೂಂ ಕಣವ್ವ, ಹೊಸದೇ."

"ನಮ್ಮೋರೇ ಮಾಡಿದ್ದಾ?"

"ಇಲ್ಲ. ಇದೂ ಹೊರಗಡೆಯದೇ. ಇದೇ ಕೊನೇದು ಅನ್ನೋ ಮಾತು ನಡೀತಿದೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಟ್ಟೋದ್ರೆ ಯಾರು ರಿಪೇರಿ ಮಾಡ್ತರೆ?" ಎಂದು ಕೇಳಿದಳು.

ಮಗ ನಕ್ಕುಬಿಟ್ಟ. ನಾನು ನಗಲಿಲ್ಲ. ಓದು ಬರಹ ಬಾರದ ಆ ಹೆಂಗಸು ಕೇಳಿದ್ದನ್ನು ಓದಿದ ನಾವೂ ಕೇಳಬೇಕು, ಗಟ್ಟಿಯಾಗಿ ಕೇಳಬೇಕು, ಉತ್ತರ ಬರುವವರೆಗೂ ಕೇಳಬೇಕು.